ಬಿಟ್ಟಾಗ ಏನಾಗುತ್ತದೆ, ಅದನ್ನು ನೋಡಿ

‘ನಮ್ಮ ಮನಿಯವ್ರು ಕುಡಿತಾರ್ರಿ, ಖರೆ. ಆದ್ರ ಒಂದ ಕ್ವಾಟರ್’ ಎಂದು ಸಮಾಧಾನ ಮಾಡಿಕೊಳ್ಳುವ ಮನೆಗಳು ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಬೇಕಾದಷ್ಟಿವೆ. ಆದರೆ ಚಟ ರೋಗವಾಗಿದೆಯೇ ಎಂದು ತಿಳಿಯಲು ಕ್ವಾಟರಿನ ಲೆಕ್ಕ ಸಾಲದು. ಕುಡಿಯದ ದಿನ ಆ ಮನುಷ್ಯ ಹೇಗಿರುತ್ತಾನೆ ಎಂಬುದನ್ನು ಗಮನಿಸಬೇಕು.

ಗುರುತು ಹಿಡಿಯುವುದು

ಬೆಳಿಗ್ಗೆ ಚಹಾ ಕೊಟ್ಟಾಗ ಕೈ ನೋಡಿ. ಕಪ್ಪು ಬಸಿ ಕಟಕಟ ಎಂದು ಚಹಾ ಚೆಲ್ಲುತ್ತದೆಯೇ? ಒಂದು ಪಾಕೀಟು ಒಳಗೆ ಹೋದೊಡನೆ ಅದೇ ಕೈ ನಡುಗುವುದು ನಿಲ್ಲುತ್ತದೆಯೇ? ಹಾಗಿದ್ದರೆ ದೇಹ ಮದ್ಯಕ್ಕೆ ಒಗ್ಗಿಹೋಗಿದೆ. ಮೊದಲಿನಷ್ಟು ಕುಡಿದರೂ ಅಮಲೇರದಿರುವುದು, ಊಟ ಬಿಡುವುದು, ಸಂಘದ ಕಂತಿಗೆ ಎತ್ತಿಟ್ಟ ರೊಕ್ಕ ಮಾಯವಾಗುವುದು, ಮಕ್ಕಳ ತಲೆ ಮುಟ್ಟಿ ಮಾಡಿದ ಆಣೆ ವಾರದಲ್ಲೇ ಮುರಿಯುವುದು ಉಳಿದ ಗುರುತುಗಳು.

ಒಮ್ಮೆಲೇ ಬಿಡಿಸಬೇಡಿ

ದಿನಾ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವುದು ಅಪಾಯ. ಕೊನೆಯ ಕುಡಿತದ ನಂತರ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಜ್ವರ, ಬೆವರು ಬಂದು ದಿಕ್ಕು ತಪ್ಪುತ್ತದೆ. ಇಲ್ಲದ ಹುಳುಗಳು, ಮನುಷ್ಯರು ಕಾಣತೊಡಗುತ್ತಾರೆ. ಗಾಳಿ ಸೋಕಿದೆ ಎಂದು ಗಾಣಗಾಪುರಕ್ಕೋ ಆಳಂದದ ದರ್ಗಾಕ್ಕೋ ಕರೆದೊಯ್ಯುವ ಮನಸ್ಸಾಗುವುದು ಆಗಲೇ. ಹರಕೆ ಆಮೇಲೂ ತೀರಿಸಬಹುದು. ಈ ಸ್ಥಿತಿಯಲ್ಲಿ ಚಿಕಿತ್ಸೆ ತಡವಾದರೆ ಜೀವ ಹೋಗಬಹುದು, 108ಕ್ಕೆ ಕರೆ ಮಾಡಿ. ಊರಲ್ಲೇ ಬರೀ ಗ್ಲೂಕೋಸ್ ಬಾಟಲಿ ಏರಿಸಿಕೊಂಡು ಬರುವುದೂ ಸಲ್ಲದು. ಇಂಥವರಲ್ಲಿ ಅನೇಕರಿಗೆ ಬಿ1 ಜೀವಸತ್ವದ ಕೊರತೆ ಇರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಕೊಟ್ಟರೆ ಮಿದುಳಿಗೆ ಪೆಟ್ಟು ಬೀಳಬಹುದು.

ಸೇಂದಿ ಕುಡಿಯುವವರಾದರೆ ಅದನ್ನೂ ವೈದ್ಯರಿಗೆ ತಿಳಿಸಿ. ಕಲಬೆರಕೆ ಸೇಂದಿಯಲ್ಲಿ ಸಿ.ಎಚ್. ಪೌಡರ್ (ಕ್ಲೋರಲ್ ಹೈಡ್ರೇಟ್), ನಿದ್ದೆಮಾತ್ರೆ ಸೇರಿರುತ್ತವೆ. ಅದನ್ನು ಥಟ್ಟನೆ ಬಿಟ್ಟರೂ ಫಿಟ್ಸ್, ಭ್ರಮೆ ಬರಬಹುದು.

ಎಲ್ಲಿಗೆ ಹೋಗಬೇಕು

ಮೊದಲು ತಾಲ್ಲೂಕು ಆಸ್ಪತ್ರೆಗೆ. ‘ಮನೋಚೈತನ್ಯ’ ಯೋಜನೆಯಲ್ಲಿ ಮಂಗಳವಾರ ಮನೋವೈದ್ಯರು ಅಲ್ಲಿಗೆ ಬರುವ ವ್ಯವಸ್ಥೆ ಇದೆ, ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಒಳರೋಗಿಯಾಗಬೇಕಾದರೆ ಕಲಬುರಗಿಯ ಜಿಮ್ಸ್ ಆಸ್ಪತ್ರೆ ಇದೆ. ಅದಕ್ಕೂ ಮೀರಿದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಮನೆಯಿಂದಲೇ ಕೇಳುವುದಾದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

‘ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ’ ಎಂಬ ಗೋಡೆಬರಹ ನಂಬಿ ಸಾರಿನಲ್ಲಿ ಪುಡಿ ಕಲೆಸಬೇಡಿ. ಅಂಥ ಪುಡಿಯಲ್ಲಿರಬಹುದಾದ ಡೈಸಲ್ಫಿರಾಂ ಎಂಬ ಗುಳಿಗೆಯ ಮೇಲೆ ಮದ್ಯ ಬಿದ್ದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು. ರೋಗಿಗೆ ತಿಳಿಸಿ, ಒಪ್ಪಿಸಿ, ವೈದ್ಯರ ನಿಗಾದಲ್ಲಷ್ಟೇ ಕೊಡುವ ಔಷಧ ಅದು. ಸರಪಳಿ ಕಟ್ಟಿ ಇಡುವ ಕೇಂದ್ರಗಳನ್ನು ದೂರವಿಡಿ. ವ್ಯಸನಕ್ಕೆ ಸಂಬಂಧಿಸಿದ ಮನೋಸ್ಥಿತಿಗಳನ್ನೂ ಒಳಗೊಳ್ಳುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅದನ್ನು ನಿಷೇಧಿಸಿದೆ.

ಸಂಕಲ್ಪದ ಜೊತೆ ಔಷಧ

ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ‘ವ್ಯಸನಮುಕ್ತ ದಿನ’ವಾಗಿ ಆಚರಿಸುತ್ತದೆ. ಜೋಳಿಗೆಗೆ ಚಟ ಹಾಕುವ ಸಂಕಲ್ಪ ದೊಡ್ಡದು. ನಡುಗುವ ದೇಹಕ್ಕೆ ಅದರ ಜೊತೆಗೆ ಔಷಧವೂ ಬೇಕು.

ಮದ್ಯವ್ಯಸನಿಗಳಲ್ಲಿ 38 ಜನರಿಗೆ ಒಬ್ಬರಷ್ಟೇ ಯಾವುದಾದರೂ ಚಿಕಿತ್ಸೆ ಪಡೆಯುತ್ತಾರೆ ಎಂದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಹೇಳಿದೆ. ಉಳಿದ 37 ಜನ ಯಾರದೋ ಮನೆಯಲ್ಲಿ ಬೈಗುಳ ತಿನ್ನುತ್ತಿದ್ದಾರೆ. ಬಿಟ್ಟವರು ಮತ್ತೆ ಹಿಡಿಯುವುದೂ ಈ ರೋಗದ ಲಕ್ಷಣವೇ. ಹಾಗಾದರೆ ಸೋತೆವೆಂದು ಕೂರಬೇಡಿ, ಮತ್ತೆ ಕರೆದೊಯ್ಯಿರಿ. ಅಮಲಿನಲ್ಲಿದ್ದಾಗ ಜಗಳ ಬೇಡ. ಬೆಳಿಗ್ಗೆ, ಮೈಮೇಲೆ ಎಚ್ಚರ ಇದ್ದಾಗ, ‘ನಡೀರಿ, ದವಾಖಾನಿಗಿ ಹೋಗಿ ಬರೋಣ, ನಾನೂ ಬರ್ತೀನಿ’ ಎನ್ನಿ.