ಮೊಳೆ ಐತೇನು ನೋಡು

‘ಹುಷಾರು, ಒಳಗ ಹಾವು ಚೇಳು ಇರ್ತಾವ’ ಎನ್ನುತ್ತಲೇ ಪರಿಚಯದ ರೈಲ್ವೆ ನೌಕರರೊಬ್ಬರು ಬಾಗಿಲು ತಳ್ಳಿದರು. ಅದು ಬಳ್ಳಾರಿಯಲ್ಲಿ ಹಳಿ ಪಕ್ಕದ ಹಳೆಯ ಗ್ಯಾಂಗ್‌ಮನ್ ಕ್ವಾರ್ಟರ್ಸ್. ಮುಂದಿನ ವಾರ ಕೆಡವುತ್ತಾರೆಂದು ತಿಳಿದು, ಅನುಮತಿ ಪಡೆದು ನಾನೂ ಕುರುಗೋಡಿನ ಗೆಳೆಯನೂ ಹೋಗಿದ್ದೆವು. ಅವನು ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿ, ಟೇಪು ಹಿಡಿದು ಬಂದಿದ್ದ. ನಾನು ಬಂದದ್ದು ಬೇರೆ ಕಾರಣಕ್ಕೆ. ಒಂದು ಕಾಲಕ್ಕೆ ಅದು ನನ್ನ ತಾತನ ಮನೆ.

ನಮ್ಮೂರು ಸಿರುಗುಪ್ಪ. ಭತ್ತದ ಗದ್ದೆಗಳಿವೆ, ರೈಸ್‌ಮಿಲ್ಲುಗಳಿವೆ, ರೈಲು ಮಾತ್ರ ಇಲ್ಲ. ಕುರುಗೋಡಿಗೂ ಇಲ್ಲ. ಅಂಥ ಊರಿನ ತಾತ ಬಳ್ಳಾರಿಗೆ ಬಂದು ರೈಲ್ವೆಯ ಅನ್ನ ಉಂಡರು. ದಕ್ಷಿಣ ರೈಲ್ವೆಯಲ್ಲಿ ಸೇರಿ, ದಕ್ಷಿಣ ಮಧ್ಯ ರೈಲ್ವೆಯಲ್ಲಿ ನಿವೃತ್ತರಾದರು. 2003ರಿಂದ ಅದೇ ಹಳಿ ನೈರುತ್ಯ ರೈಲ್ವೆಯದು.

ಮನೆಯೆಂದರೆ ಎರಡು ಕೋಣೆ. ಗೆಳೆಯ ಗೋಡೆ ಅಳೆದ, ಒಂದೂವರೆ ಅಡಿ ದಪ್ಪ. ಹೊರಗೆ ಮೇ ತಿಂಗಳ ಬಳ್ಳಾರಿ ಬಿಸಿಲು, ಒಳಗೆ ತಂಪು. ಒಲೆಯಿದ್ದ ಮೂಲೆ ಇನ್ನೂ ಮಸಿಗಪ್ಪು.

ಮಂಡಿನೋವಿನ ತಾತನಿಗೆ ವಿಡಿಯೊ ಕಾಲ್ ಮಾಡಿ ಎಲ್ಲ ತೋರಿಸಿದೆ. ಸುಮ್ಮನೆ ನೋಡುತ್ತಿದ್ದವರು ಒಮ್ಮೆಲೇ ಕೇಳಿದರು, ‘ಕಿಟಕಿ ಬಲಕ್ಕ ಮೊಳೆ ಐತೇನು ನೋಡು.’

ಇತ್ತು. ತುಕ್ಕು ಹಿಡಿದ, ಬೆರಳು ದಪ್ಪದ ಮೊಳೆ.

‘ಅದು ನನ್ನ ಲಾಟೀನಿನ ಜಾಗ.’

ಮಳೆಗಾಲದ ರಾತ್ರಿ ತಾತನಿಗೆ ಹಳಿ ಗಸ್ತು. ಕೈಯಲ್ಲಿ ಲಾಟೀನು, ಚೀಲದಲ್ಲಿ ಡಿಟೊನೇಟರ್. ಹಳಿಯಡಿಯ ಮಣ್ಣು ಕೊಚ್ಚಿಹೋಗಿದ್ದರೆ ರೈಲು ಬರುವ ದಿಕ್ಕಿಗೆ ಓಡಬೇಕು. ಬ್ರಾಡ್‌ಗೇಜ್ ಆದರೆ ಅಪಾಯದ ಜಾಗದಿಂದ 600 ಮೀಟರ್ ದೂರದಲ್ಲಿ ಒಂದು ಡಿಟೊನೇಟರ್, 1,200 ಮೀಟರ್ ದೂರದಲ್ಲಿ ಹತ್ತತ್ತು ಮೀಟರ್ ಅಂತರಕ್ಕೆ ಮೂರು ಇಡಬೇಕು. ಚಕ್ರ ಹತ್ತಿದೊಡನೆ ಅವು ಢಮ್ಮೆನ್ನುತ್ತವೆ, ಚಾಲಕ ಬ್ರೇಕ್ ಹಾಕುತ್ತಾನೆ. ಗಸ್ತಿನ ಕೊನೆಯಲ್ಲಿ ಆಚೆ ಕಡೆಯ ಗಸ್ತಿನವನೊಂದಿಗೆ ಪುಸ್ತಕ ಬದಲಿಸಿಕೊಂಡು ಹಿಂತಿರುಗಬೇಕು.

‘ಬೆಳಗ್ಗೆ ಆ ಮೊಳೆಗೆ ಲಾಟೀನು ಬಿದ್ದ ಮ್ಯಾಲೇ ನಿಮ್ಮಜ್ಜಿ ಒಲಿ ಹಚ್ಚತಿದ್ದಳು’ ಎಂದು ತಾತ ಸುಮ್ಮನಾದರು.

ಅಜ್ಜಿ ತೀರಿಕೊಂಡು ಆರು ವರ್ಷ. ಅವಳು ಕಾದು ಕೂತ ರಾತ್ರಿಗಳ ಮಾತು ನಮ್ಮ ಮನೆಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಗಸ್ತಿನ ಪುಸ್ತಕದಲ್ಲಿ ತಾತನ ಹೆಸರಿದ್ದೀತು. ಅಜ್ಜಿ ಇದ್ದದ್ದು ಆ ಒಂದು ಮೊಳೆಯಲ್ಲಿ.

ಕೆಡವಬೇಡಿ ಎಂದು ನಾನು ಹೇಳಲಾರೆ. ಚಾವಣಿ ಜೋತುಬಿದ್ದಿತ್ತು, ಯಾರ ತಲೆಯ ಮೇಲಾದರೂ ಬೀಳುತ್ತಿತ್ತು. ಆದರೆ ಇಂಥ ಕಟ್ಟಡ ಕೆಡವುವ ಮುನ್ನ ಅಲ್ಲಿ ಬದುಕಿದವರನ್ನು ಒಂದು ದಿನ ಕರೆದು ತೋರಿಸಬಹುದಲ್ಲವೇ? ನಾವಾದರೂ ಫೋನು ಹಿಡಿದು ಹೋಗಬಹುದು. ‘ನಿನ್ನ ಕಾಲದ ಕಥೆ ಹೇಳು’ ಎಂದು ಎಷ್ಟು ಸಲ ಕೇಳಿದ್ದರೂ ತಾತ ಇದನ್ನು ಹೇಳಿರಲಿಲ್ಲ. ಆ ಗೋಡೆ ಕಂಡಾಗಲೇ ಬಾಯಿಗೆ ಬಂತು.

‘ಮೊಳೆ ಕಿತ್ತು ತರಲಾ ತಾತ?’ ಎಂದೆ.

‘ಬ್ಯಾಡ, ಅದು ರೈಲ್ವೇದು’ ಎಂದರು.

ಈಗ ಅಲ್ಲಿ ಬಯಲಿದೆ. ಗೆಳೆಯ ಬರೆದುಕೊಟ್ಟ ಮನೆಯ ನಕ್ಷೆ ಸಿರುಗುಪ್ಪದಲ್ಲಿ ತಾತನ ಮಂಚದ ಮೇಲಿನ ಗೋಡೆಯಲ್ಲಿದೆ. ಅದರಲ್ಲಿ ಕಿಟಕಿಯ ಬಲಕ್ಕೆ ಒಂದು ಸಣ್ಣ ಚುಕ್ಕೆ.