ವರ್ಚುವಲ್ ಯಂತ್ರದ ಆರಂಭಿಕ ದೋಷಗಳು

ವರ್ಚುವಲ್ ಯಂತ್ರವು ಒಂದು ಗಣಕಯಂತ್ರದೊಳಗೆ ತಂತ್ರಾಂಶದಿಂದ ರೂಪಿಸಲಾದ ಮತ್ತೊಂದು ಗಣಕಯಂತ್ರವಾಗಿದೆ. ವರ್ಚುವಲ್‌ಬಾಕ್ಸ್‌ನಂತಹ ತಂತ್ರಾಂಶದಲ್ಲಿ ಲಿನಕ್ಸ್ ಅನುಸ್ಥಾಪಿಸುವಾಗ ಈ ಯಂತ್ರವು ಆರಂಭವಾಗದಿದ್ದರೆ, ಕಾರಣವು ಹೆಚ್ಚಾಗಿ ಲಿನಕ್ಸ್‌ನಲ್ಲಿರದೆ ಗಣಕದ ಸೆಟ್ಟಿಂಗ್‌ಗಳಲ್ಲಿರುತ್ತದೆ. ಆದ್ದರಿಂದ ಲಿನಕ್ಸನ್ನು ಮತ್ತೆ ಡೌನ್‌ಲೋಡ್ ಮಾಡುವ ಮೊದಲು ಇವುಗಳನ್ನು ಪರಿಶೀಲಿಸಬೇಕು.

ಸಂಸ್ಕಾರಕದ ಸೌಲಭ್ಯ: 64 ಬಿಟ್ ಲಿನಕ್ಸ್‌ಗೆ ಸಾಮಾನ್ಯವಾಗಿ ಸಂಸ್ಕಾರಕದ ವರ್ಚುವಲೀಕರಣ ಸೌಲಭ್ಯ ಅಗತ್ಯ. ಇಂಟೆಲ್ ಇದನ್ನು 2005ರಲ್ಲಿ ವಿಟಿ-ಎಕ್ಸ್ ಎಂದೂ, ಎಎಂಡಿ 2006ರಲ್ಲಿ ಎಎಂಡಿ-ವಿ ಎಂದೂ ಪರಿಚಯಿಸಿದವು. ಇದು ನಿಷ್ಕ್ರಿಯವಾಗಿದ್ದರೆ ಬಯೋಸ್ ಅಥವಾ ಯುಇಎಫ್‌ಐ ಸೆಟ್ಟಿಂಗ್‌ಗಳಲ್ಲಿ ಸಕ್ರಿಯಗೊಳಿಸಬೇಕು.

ಹೈಪರ್-ವಿ: ವಿಂಡೋಸ್‌ನ ಈ ವ್ಯವಸ್ಥೆಯು ಅದೇ ಸೌಲಭ್ಯವನ್ನು ಬಳಸುತ್ತಿದ್ದರೆ ಇತರ ತಂತ್ರಾಂಶಗಳಿಗೆ ತೊಡಕಾಗಬಹುದು.

ಬೂಟ್ ಮಾಧ್ಯಮ: ಬೂಟ್ ಮಾಧ್ಯಮ ಸಿಗಲಿಲ್ಲವೆಂಬ ಸಂದೇಶ ಬಂದರೆ, ಲಿನಕ್ಸ್‌ನ ಐಎಸ್‌ಒ ಕಡತವನ್ನು ವರ್ಚುವಲ್ ಡಿಸ್ಕ್ ಡ್ರೈವ್‌ಗೆ ಜೋಡಿಸಬೇಕು. ಅನುಸ್ಥಾಪನೆ ಮುಗಿದ ಬಳಿಕ ಅದನ್ನು ತೆಗೆಯದಿದ್ದರೆ ಅನುಸ್ಥಾಪನೆಯ ಪರದೆಯೇ ಪುನಃ ಕಾಣಿಸಿಕೊಳ್ಳಬಹುದು.