ಕಣ್ಣಿನೊಳಗೆ ಕಾಣುವ ತಲೆಯ ಒತ್ತಡ

ತಲೆನೋವೆಂದು ನಮ್ಮಲ್ಲಿಗೆ ಬರುವ ಅತ್ತಿಗುಂಡಿಯ ಸದ್ಭಕ್ತರು ಅದನ್ನು ಮಂಜಿನ ಶೀತಕ್ಕೋ ಪಿತ್ತಕ್ಕೋ ಸೇರಿಸಿಬಿಡುವುದುಂಟು. ಬಹಳಷ್ಟು ಸಲ ಅದು ನಿಜವೂ ಇರಬಹುದು. ಆದರೆ ಉದುರಿದ ಕಾಫಿ ಹಣ್ಣು ಆರಿಸಲು ಬಗ್ಗಿ ಎದ್ದಾಗ ಕೆಲವು ಕ್ಷಣ ಕಣ್ಣಿಗೆ ಕತ್ತಲೆ ಕವಿಯುವುದು, ಬೆಳಗಿನ ಜಾವ ನೋವು ಹೆಚ್ಚಿ ವಾಂತಿಯಾಗುವುದು, ಒಂದು ವಸ್ತು ಎರಡಾಗಿ ತೋರುವುದು, ಇವು ತಲೆನೋವಿನೊಡನೆ ಕೂಡಿದರೆ ಕಷಾಯ ಕುಡಿದು ಕಾಯತಕ್ಕದ್ದಲ್ಲ.

ಮಿದುಳಿನ ಒಳಗೂ ಸುತ್ತಲೂ ಸುಮಾರು 150 ಮಿಲಿಲೀಟರ್ ತಿಳಿದ್ರವವಿದೆ. ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ಉತ್ಪತ್ತಿಯಾಗಿ, ಅಷ್ಟೇ ರಕ್ತಕ್ಕೆ ಹಿಂದಿರುಗುತ್ತದೆ. ಗಡ್ಡೆ, ಕ್ಷಯದ ಮಿದುಳುಪೊರೆಯುರಿ, ರಕ್ತನಾಳದ ಅಡಚಣೆ ಮುಂತಾದವುಗಳಿಂದ ಈ ಲೆಕ್ಕ ತಪ್ಪಿದರೆ, ಹಿಗ್ಗಲಾರದ ತಲೆಬುರುಡೆಯೊಳಗೆ ಒತ್ತಡವೇರುತ್ತದೆ. ಮಿದುಳಿನ ಪೊರೆಯೇ ದೃಷ್ಟಿನರವನ್ನೂ ಕಣ್ಣುಗುಡ್ಡೆಯವರೆಗೆ ಹೊದ್ದಿರುವುದರಿಂದ ಒತ್ತಡವು ಅಲ್ಲಿಗೂ ತಲುಪಿ, ನರವು ಕಣ್ಣನ್ನು ಸೇರುವ ಬಿಲ್ಲೆ ಊದಿಕೊಳ್ಳುತ್ತದೆ. ಇದೇ ಪ್ಯಾಪಿಲೆಡಿಮಾ. 76 ನೇತ್ರರೋಗಗಳನ್ನು ಎಣಿಸಿದ ಸುಶ್ರುತಾಚಾರ್ಯರಿಗೂ ಈ ಬಿಲ್ಲೆಯನ್ನು ನೋಡುವ ಸಾಧನವಿರಲಿಲ್ಲ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಅದನ್ನು ರೂಪಿಸಿದ್ದು 1851ರಲ್ಲಿ.

ಮೋಸವಿರುವುದು ಇಲ್ಲಿಯೇ. ಕಣ್ಣು ಕೆಂಪಾಗುವುದಿಲ್ಲ, ಬಹುಕಾಲ ದೃಷ್ಟಿಯೂ ಚೆನ್ನಾಗಿಯೇ ಇರುತ್ತದೆ. ಕನ್ನಡಕದ ಅಂಗಡಿಯಲ್ಲಿ ಕೊನೆಯ ಸಾಲಿನವರೆಗೆ ಓದಿದವರಿಗೂ ಬಿಲ್ಲೆ ಊದಿರಬಹುದು. ಒತ್ತಡ ಇಳಿಯದಿದ್ದರೆ ನರ ಒಣಗುತ್ತದೆ, ಒಣಗಿದ ನರ ಮರಳದು.

ಬಾಣಂತಿಯರ ವಿಷಯದಲ್ಲಿ ನಮಗೆ ಹೆಚ್ಚಿನ ಕಳವಳವಿದೆ. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚಿರುತ್ತದೆ. ಆಗ ನೀರು ಕೊಟ್ಟರೆ ಶೀತವೆಂದು ಹಿರಿಯರು ತಡೆದರೆ ರಕ್ತ ಇನ್ನೂ ಗಟ್ಟಿಯಾಗಿ, ಮಿದುಳಿನ ಅಭಿಧಮನಿಯಲ್ಲಿ ಹೆಪ್ಪು ನಿಲ್ಲುವ ಭಯವುಂಟು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬಾಣಂತಿಯರ ಈ ರೋಗವನ್ನು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಕಾಯಿಸಿ ಆರಿಸಿದ ನೀರನ್ನು ಬಾಯಾರಿಕೆ ತೀರುವಷ್ಟು ಕೊಡಿರಿ. ಆಯುರ್ವೇದ ಅದಕ್ಕೆ ಅಡ್ಡಿಯಲ್ಲ. ಬಾಣಂತಿಗೆ ಬಿಡದ ತಲೆನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ.

ಹೆರುವ ವಯಸ್ಸಿನ ಸ್ಥೂಲಕಾಯದ ಸ್ತ್ರೀಯರಲ್ಲಿ ಗಡ್ಡೆಯಿಲ್ಲದೆಯೂ ಒತ್ತಡ ಏರುವುದುಂಟು. ಅವರಿಗೆ ತೂಕವಿಳಿಸುವುದೇ ಔಷಧದ ಒಂದು ಭಾಗ.

ನಸ್ಯ, ತಲೆಗೆ ತೈಲ ಇವು ಅರೆತಲೆನೋವಿಗೆ ಉಪಕಾರಿ ಎಂಬುದು ನಮ್ಮ ಅನುಭವ. ಆದರೆ ಮೇಲಿನ ಲಕ್ಷಣಗಳಿದ್ದಲ್ಲಿ ಬಿಲ್ಲೆಯನ್ನು ನೋಡಿಸುವವರೆಗೆ ನಾವು ಅವನ್ನು ಆರಂಭಿಸುವುದಿಲ್ಲ. ಚಿಕ್ಕಮಗಳೂರಿಗೆ ಇಳಿದು ನೇತ್ರವೈದ್ಯರಿಗೆ ತೋರಿಸಿದರೆ ಕೆಲವೇ ನಿಮಿಷದ ಪರೀಕ್ಷೆ; ಊತವಿದ್ದರೆ ತಡಮಾಡದೆ ಮಿದುಳಿನ ಸ್ಕ್ಯಾನ್ ಆಗಬೇಕು. ಪರೀಕ್ಷೆಗೆ ಹನಿ ಹಾಕಿದ ಮೇಲೆ ಕೆಲವು ಗಂಟೆ ನೋಟ ಮಸುಕಾಗುವುದರಿಂದ, ನಮ್ಮ ತಿರುವುಗಳ ದಾರಿಯಲ್ಲಿ ತಾವೇ ಬೈಕು ಓಡಿಸಿಕೊಂಡು ಬರದೆ, ಜೊತೆಗೊಬ್ಬರನ್ನು ಕರೆದೊಯ್ಯಿರಿ.